ಒಗ್ಗದ ರಕ್ತ

"ನಿನ್ನ ರಕ್ತ ಅಮ್ಮನ ಮೈಗೆ ಒಗ್ಗಲಿಲ್ಲ ಕಣೇ. ಮನೆಗೇ ಒಗ್ಗದವಳು, ಮೈಗೆ ಒಗ್ತೀಯಾ?" ನಾದಿನಿ ಚಿನಾರಾ ವಾರ್ಡಿನ ಬಾಗಿಲಿಗೆ ಅಡ್ಡ ನಿಂತಳು.

ತುರ್ಸುನಾಯ್ ಹೊರಗಿನ ಬೆಂಚಿನ ಮೇಲೆ ಕುಳಿತಳು. ಹೊಟ್ಟೆಯ ಹುಣ್ಣು ಒಡೆದು ಅತ್ತೆ ರಕ್ತ ಕಾರಿಕೊಂಡಾಗ ರಕ್ತದ ಗುಂಪು ಹೊಂದಿದ್ದು ಸೊಸೆಯಾದ ಅವಳದೊಂದೇ. ನಿನ್ನೆ ಅವಳ ರಕ್ತದ ಚೀಲ ಅರ್ಧ ಇಳಿಯುವಷ್ಟರಲ್ಲಿ ಅತ್ತೆಗೆ ಮಂಚ ಅಲುಗುವಂಥ ನಡುಕ, ಕೆಂಡದಂಥ ಜ್ವರ. ನರ್ಸ್ ಓಡಿಬಂದು ಕೊಳವೆ ಕಳಚಿದಳು. ಸಂಜೆಯೊಳಗೆ ನಾರಿನ್ ಪೇಟೆಯ ನೆಂಟರಿಗೆಲ್ಲ ಸುದ್ದಿ ಮುಟ್ಟಿತು: ದಕ್ಷಿಣದಿಂದ ತಂದ ಸೊಸೆಯ ರಕ್ತವೇ ಕೆಟ್ಟದ್ದು. ಕುರಿಗಳೊಂದಿಗೆ ಬೆಟ್ಟದಲ್ಲಿದ್ದ ಗಂಡ ಫೋನಿನಲ್ಲಿ, "ಸ್ವಲ್ಪ ದಿನ ತವರಿಗೆ ಹೋಗಿರು," ಅಂದ. ಸ್ವಲ್ಪ ದಿನವೆಂದು ಹೋಗಿ ಮರಳದ ಸೊಸೆಯರನ್ನು ಅವಳು ಕಂಡಿದ್ದಳು.

ಡಾಕ್ಟರ್ ಮರಾತ್ ವಾರ್ಡಿನೊಳಗೆ ಬಂದು ಅತ್ತೆಯ ಮಂಚದ ಬಳಿ ನಿಂತರು. "ರಕ್ತ ಕೊಡೋದು ನಿಲ್ಲಿಸಿದ ಮೇಲೂ ಇವತ್ತು ಮತ್ತೆ ಜ್ವರ. ಚೀಲದ ರಕ್ತಾನ ಇನ್ನೊಮ್ಮೆ ಪರೀಕ್ಷೆ ಮಾಡಿದ್ವಿ, ಸರಿಯಾಗೇ ಹೊಂದ್ತದೆ. ಅಜ್ಜೀ, ಮೊದಲೂ ಜ್ವರ ಬರ್ತಿತ್ತಾ?"

"ಇಲ್ಲಪ್ಪ." ಅತ್ತೆ ಗೋಡೆಯ ಕಡೆ ಹೊರಳಿದಳು.

"ನಮ್ಮಮ್ಮ ಕಲ್ಲುಗುಂಡು!" ಎಂದಳು ಚಿನಾರಾ.

ಅತ್ತೆಯ ಹೆಸರನ್ನೇ ತುರ್ಸುನಾಯ್ ಒಮ್ಮೆಯೂ ನಾಲಗೆಗೆ ತಂದವಳಲ್ಲ. ಅತ್ತೆಯ ಮಾತನ್ನು ಅಲ್ಲವೆನ್ನುವುದು ಎಲ್ಲಿಂದ ಬರಬೇಕು?

"ಬರ್ತಿತ್ತು," ಎಂದಳು, ಬೆಂಚಿನಿಂದೆದ್ದು ಬಂದು ಬಾಗಿಲಿನಿಂದ. "ಕುರಿ ಮರಿ ಹಾಕೋ ಕಾಲದಿಂದ. ದಿನಾ ಬೆಳಿಗ್ಗೆ ಅಂಗಿ ಬೆವರಿಂದ ತೊಪ್ಪೆಯಾಗಿರ್ತದೆ. ಒಗೆಯೋಳು ನಾನು."

"ನೋಡ್ರಪ್ಪ, ಇವಳಿಗೂ ಬಾಯಿ ಬಂತು!"

ಡಾಕ್ಟರ್ ಚಿನಾರಾಳಿಗೆ ಸುಮ್ಮನಿರುವಂತೆ ಕೈ ಮಾಡಿದರು. "ಸತ್ತ ಮರಿ ಹುಟ್ಟಿದ್ವಾ ಅಜ್ಜೀ?"

ಅತ್ತೆ ಹೊದಿಕೆಯನ್ನು ಕತ್ತಿನವರೆಗೆ ಎಳೆದುಕೊಂಡಳು. ಆಮೇಲೆ ಗೋಡೆಗೆ ಹೇಳುವಂತೆ, "ಹುಟ್ಟಿದ್ವು. ನಾನೇ ಎಳೆದು ತೆಗೆದೆ, ಬರಿಗೈಲಿ. ಹೇಳಿದ್ರೆ ಮಂದೇನೇ ಕೊಯ್ಸಿಬಿಡ್ತೀರಲ್ಲ."

ಕುರಿಯಿಂದ ಅಂಟಿದ ಜ್ವರವೆಂದು ಪರೀಕ್ಷೆಯೂ ಹೇಳಿತು. ರಕ್ತದ ತಪ್ಪೇನೂ ಇರಲಿಲ್ಲ. ನೆಂಟರಿಗೆ ಆ ಸುದ್ದಿಯನ್ನು ಯಾರೂ ಮುಟ್ಟಿಸಲಿಲ್ಲ. ಸರಕಾರದ ಲಾರಿ ಬಂದು ಕಾಯಿಲೆಯ ಕುರಿಗಳನ್ನು ಒಯ್ದಿತು.

ಅತ್ತೆ ಮನೆಗೆ ಬಂದ ಮೇಲೂ ಸೊಸೆಯೊಡನೆ ಮಾತಾಡಲಿಲ್ಲ. ತುರ್ಸುನಾಯ್ ಬಟ್ಟೆ ಗಂಟು ಕಟ್ಟಿಟ್ಟು, ಕೊನೆಯದಾಗಿ ಚಹಾ ಕಾಸಿ ತಂದಳು. ಬಗ್ಗಿಸಲು ಹೋದರೆ ಅತ್ತೆ ಕೆಟಲನ್ನು ತನ್ನ ಕಡೆಗೆ ಎಳೆದುಕೊಂಡಳು. ಆ ಮನೆಯಲ್ಲಿ ಬಟ್ಟಲು ತುಂಬ ಬಗ್ಗಿಸುವುದು ಹೊರಡುವವರಿಗೆ; ಉಳಿಯುವವರಿಗೆ ಸ್ವಲ್ಪ ಸ್ವಲ್ಪವೇ, ಮತ್ತೆ ಮತ್ತೆ. ತುರ್ಸುನಾಯ್ ತಲೆ ತಗ್ಗಿಸಿ ಚಹಾ ಬೀಳುವ ಸದ್ದು ಕೇಳುತ್ತಿದ್ದಳು. ಸದ್ದು ಬೇಗನೆ ನಿಂತಿತು. ಅತ್ತೆ ಬಟ್ಟಲನ್ನು ಅವಳ ಮುಂದೆ ಸರಿಸಿ, ಖಾಲಿ ದೊಡ್ಡಿಯ ಕಡೆ ನೋಡುತ್ತ ಕುಳಿತಳು. ಅರ್ಧವೇ ಇದ್ದ ಚಹಾದಿಂದ ಹಬೆ ಏಳುತ್ತಿತ್ತು.