ಸಾರ್ ಹೇಳಿದ ತಮಾಷೆ

“ಹೆಣ್ಣುಮಕ್ಕಳನ್ನ ಲ್ಯಾಬಿಗೆ ಸೇರಿಸ್ಕೊಂಡ್ರೆ ಎರಡು ಬಾಟ್ಲಿ ಇಡ್ಬೇಕ್ರೀ. ಒಂದು ಆಸಿಡ್‌ಗೆ, ಇನ್ನೊಂದು ಅವರ ಕಣ್ಣೀರಿಗೆ!”

ಸಭೆ ಹೋ ಎಂದು ನಕ್ಕಿತು. ವೇದಿಕೆಯ ಮೇಲಿದ್ದ ಸಾರ್ ನಗು ಇಳಿಯುವವರೆಗೆ ಕಾದರು. ಪಾಠ ಹೇಳಿ ಹೇಳಿ ಪಳಗಿದ ಗಂಟಲು, ಎಲ್ಲಿ ನಿಲ್ಲಿಸಬೇಕು, ಎಲ್ಲಿ ಎತ್ತಬೇಕು ಎಂಬುದು ಅದಕ್ಕೆ ಚೆನ್ನಾಗಿ ಗೊತ್ತು.

“ತಮಾಷೆ ಅಲ್ಲ. ನನ್ನ ಹತ್ರಾನೇ ಒಬ್ಳಿದಾಳೆ. ಪ್ರಯೋಗ ಕೆಟ್ಟಿತು ಅಂದ್ರೆ ಸಾಕು, ಬಾಟ್ಲಿ ತೊಳೆಯೋ ರೂಮಿಗೆ ಹೋಗಿ ನಲ್ಲಿ ಬಿಟ್ಕೊಂಡು ಅಳ್ತಾಳೆ. ಅಳೋ ಸದ್ದು ಹೊರಗೆ ಕೇಳಬಾರದಲ್ಲ! ನೀರಿನ ಬಿಲ್ಲು ಕಟ್ಟೋನು ನಾನು.”

ಮತ್ತೆ ನಗು. ಮೂರನೆಯ ಸಾಲಿನಲ್ಲಿ ಕೂತಿದ್ದ ಹುಡುಗಿ ತಲೆ ತಗ್ಗಿಸಿದಳು. ಅವಳೇ ಎಂದು ಯಾರಿಗೂ ಬಿಡಿಸಿ ಹೇಳಬೇಕಾಗಿರಲಿಲ್ಲ. ಸಾರ್ ಕೈಕೆಳಗೆ ಸಂಶೋಧನೆ ಮಾಡುತ್ತಿದ್ದ ಹೆಣ್ಣು ಅವಳೊಬ್ಬಳೇ.

“ಸುಳ್ಳು ಅನ್ಸಿದ್ರೆ ನಮ್ಮ ದೊಡ್ಡಮ್ಮನ್ನ ಕೇಳಿ. ಏನಮ್ಮಾ, ಹೌದೋ ಅಲ್ವೋ?”

ಚಹಾ ಲೋಟಗಳ ಟ್ರೇ ಹಿಡಿದು ಗೋಡೆಗೆ ಅಂಟಿಕೊಂಡು ನಿಂತವಳ ಕಡೆ ಇಡೀ ಸಭೆ ತಿರುಗಿತು. ಕ್ಯಾಮೆರಾ ಕೂಡ ತಿರುಗಿತು. ದೊಡ್ಡಮ್ಮ ಆ ಲ್ಯಾಬಿನ ಗಾಜಿನ ಸಾಮಾನು ತೊಳೆಯುವವಳು. ಸಭೆ ಇದ್ದ ದಿನ ಚಹಾ ಹಂಚುವುದೂ ಅವಳ ತಲೆಗೇ. ಅವಳು ನಕ್ಕಳು. ಹಲ್ಲು ಕಾಣುವಂತೆ, ತಲೆ ಅಲ್ಲಾಡಿಸಿ ನಕ್ಕಳು. ದೊಡ್ಡವರ ತಮಾಷೆಗೆ ನಗುವುದು ಅವಳ ಕೆಲಸದಲ್ಲೇ ಸೇರಿತ್ತು. ಅದಕ್ಕೆ ಬೇರೆ ಕೂಲಿ ಇರಲಿಲ್ಲ.

ನಕ್ಕಿದ್ದೊಂದೇ ಆಗಿದ್ದರೆ ಹೇಗೋ ಮರೆಯುತ್ತಿದ್ದಳು. ಆದರೆ ಆ ಅಳುವಿನ ಸುದ್ದಿಯನ್ನು ಸಾರ್ ಕಿವಿಗೆ ಹಾಕಿದವಳೇ ಅವಳು.

ಲ್ಯಾಬಿನ ಗಂಡು ಹುಡುಗರು ಊಟಕ್ಕೆ ಹೋಗುವಾಗ ಹುಡುಗಿಯನ್ನು ಕರೆಯುತ್ತಿರಲಿಲ್ಲ. ಅವಳು ಡಬ್ಬಿ ಹಿಡಿದು ತೊಳೆಯುವ ಕೋಣೆಗೆ ಬಂದು, ಬಕೆಟ್ ಬೋರಲು ಹಾಕಿ ಕೂತು ಉಣ್ಣುತ್ತಿದ್ದಳು. ಆಸಿಡ್ಡಿಗೆ ಸುಲಿದ ದೊಡ್ಡಮ್ಮನ ಬೆರಳು ನೋಡಿ, ಬೈದು, ದಪ್ಪ ಕೈಗವಸು ತಂದುಕೊಟ್ಟವಳು ಅವಳೇ. ಅಂಥವಳು ಒಂದು ಮಧ್ಯಾಹ್ನ ತುತ್ತು ಮುಟ್ಟದೆ, ನಲ್ಲಿ ಬಿಟ್ಟುಕೊಂಡು ಬಿಕ್ಕಿದಾಗ ದೊಡ್ಡಮ್ಮನ ಕರುಳು ಚುರುಕ್ಕೆಂದಿತು. ಸಂಜೆ ಸಾರ್ ಕೋಣೆಯ ಬಾಗಿಲಲ್ಲಿ ಕೈಮುಗಿದು ನಿಂತಳು.

“ಆ ಮಗೂನ ಬೈಬೇಡಿ ಸಾರ್. ನಲ್ಲಿ ಬಿಟ್ಕೊಂಡು ಅಳುತ್ತೆ.”

“ಹೌದಾ? ನಲ್ಲಿ ಬಿಟ್ಕೊಂಡಾ?” ಎಂದು ಸಾರ್ ನಕ್ಕಿದ್ದರು. ಆ ನಗುವನ್ನು ಕರುಣೆ ಎಂದುಕೊಂಡು ದೊಡ್ಡಮ್ಮ ಹಗುರಾಗಿ ಮನೆಗೆ ಹೋಗಿದ್ದಳು. ದಡ್ಡಿ, ಶುದ್ಧ ದಡ್ಡಿ.

ಸಭೆಯ ಮರುದಿನ ಹುಡುಗಿ ತೊಳೆಯುವ ಕೋಣೆಗೆ ಬಂದಳು. ಡಬ್ಬಿ ತಂದಿರಲಿಲ್ಲ.

“ನೀವು ನಕ್ಕಿದ್ದಕ್ಕೆ ನನಗೇನೂ ಬೇಜಾರಿಲ್ಲ ದೊಡ್ಡಮ್ಮ. ನಗದೆ ಇನ್ನೇನು ಮಾಡೋಕಾಗ್ತಿತ್ತು ನಿಮ್ಮ ಕೈಲಿ? ಆದ್ರೆ ಅವರಿಗೆ ಯಾರು ಹೇಳಿದ್ರು ಅನ್ನೋದೇ ತಲೆ ತಿಂತಿದೆ. ಆ ಹುಡುಗರಲ್ಲೇ ಯಾವನೋ ಬಾಗಿಲ ಹತ್ರ ನಿಂತು ಕೇಳಿಸ್ಕೊಂಡಿರಬೇಕು.”

ದೊಡ್ಡಮ್ಮ ಬ್ರಷ್ಷನ್ನು ಸೀಸೆಯೊಳಗೆ ಹಾಕಿ ಗರಗರ ತಿರುಗಿಸಿದಳು. ತೊಳೆದಾಗಿದ್ದ ಸೀಸೆ ಅದು.

“ಇರಬೋದು ಮಗಳೇ,” ಎಂದಳು.

ಆ ಎರಡು ಮಾತು ಆಡಿದ ತನ್ನ ನಾಲಗೆಯನ್ನು ಕಿತ್ತು ಚರಂಡಿಗೆ ಎಸೆಯಬೇಕೆನಿಸಿತು ಅವಳಿಗೆ. ಎಸೆಯಲಿಲ್ಲ. ಸಂಜೆಯವರೆಗೂ ಸೀಸೆ ತೊಳೆದಳು.

ಅಷ್ಟರಲ್ಲಿ ಆ ವಿಡಿಯೋ ಮೊಬೈಲಿನಿಂದ ಮೊಬೈಲಿಗೆ ಹಾರಿ ಊರೂರು ಸುತ್ತಿತ್ತು. ಸಾರ್ ಮಾತು, ಹುಡುಗಿಯ ತಗ್ಗಿದ ತಲೆ, ಕೊನೆಗೆ ದೊಡ್ಡಮ್ಮನ ಹಲ್ಲು. ಸಾರ್‌ಗೆ ಕೊಡಬೇಕಿದ್ದ ಪ್ರಶಸ್ತಿಯನ್ನು ಕೊಡುವವರೇ ತಡೆಹಿಡಿದರು. ಹೊರದೇಶದ ಭಾಷಣ ರದ್ದಾಯಿತು. ವಿಭಾಗದ ಮುಖ್ಯಸ್ಥರ ಬಾಗಿಲಿನಿಂದ ಅವರ ಹೆಸರಿನ ಫಲಕ ಇಳಿಯಿತು. ಗೇಟಿನ ಮುಂದೆ ಓದಿದ ಹೆಣ್ಣುಮಕ್ಕಳು ಗುಂಪು ಕಟ್ಟಿ ಕೂಗಿದರು. ದೊಡ್ಡಮ್ಮನೂ ಸೇರಿ ತೊಳೆಯುವ ನಾಲ್ವರು ಹೆಂಗಸರು ಗುಂಪಿನ ಪಕ್ಕದಲ್ಲೇ ದಾಟಿ ಒಳಗೆ ಹೋಗಬೇಕಿತ್ತು. ಅವರಲ್ಲಿ ಅಕ್ಷರ ಬಲ್ಲವಳು ಕುಳ್ಳಿ. ಗುಂಪಿನವರು ಎತ್ತಿಹಿಡಿದಿದ್ದ ಒಂದು ರಟ್ಟಿನ ಮುಂದೆ ನಿಂತು ಓದಿದಳು.

“‘ನಾವು ಬಾಟ್ಲಿ ತೊಳೆಯೋಕೆ ಬಂದಿಲ್ಲ’ ಅಂತೆ! ನಾವೇನು ಬಾಟ್ಲಿ ಹಿಡ್ಕೊಂಡೇ ಹೊಟ್ಟೆಯಿಂದ ಬಿದ್ವೇನೇ? ಆ ಮುಂಡೇಮಗ ಇವರಿಗೆ ಅಂದ, ಇವರು ನಮಗೆ ಅಂತಾರೆ.”

“ಸುಮ್ನೆ ಬಾರೇ,” ಎಂದು ದೊಡ್ಡಮ್ಮ ಸೆರಗನ್ನು ಮುಖಕ್ಕೆ ಎಳೆದುಕೊಂಡಳು. ಆದರೂ ಒಬ್ಬಳು ಗುರುತು ಹಿಡಿದಳು. “ನಕ್ಕವಳು ಇವಳೇ ಕಣ್ರೇ!” ಯಾರೂ ಕಲ್ಲು ಎಸೆಯಲಿಲ್ಲ. ದಾರಿ ಬಿಟ್ಟರು, ಅಷ್ಟೇ. ಬೈದಿದ್ದರೆ ಚೆನ್ನಾಗಿತ್ತು ಎಂದುಕೊಂಡಳು ದೊಡ್ಡಮ್ಮ.

ವಾರ ಕಳೆಯುವಷ್ಟರಲ್ಲಿ ಸಾರ್ ಪ್ರಾಜೆಕ್ಟು ನಿಂತಿತು. ಹುಡುಗಿಗೆ ಬೇರೆ ಮಾರ್ಗದರ್ಶಕರು ಸಿಗಲಿಲ್ಲ. ಆ ಗಲಾಟೆಯನ್ನು ಮೈಮೇಲೆ ಹಾಕಿಕೊಳ್ಳುವ ಧೈರ್ಯ ಯಾರಿಗೂ ಇರಲಿಲ್ಲ. ಗುತ್ತಿಗೆಯವರ ಕಡೆಯ ಮೇಸ್ತ್ರಿ ಬಂದು ಬಾಗಿಲಲ್ಲೇ ನಿಂತ.

“ಪ್ರಾಜೆಕ್ಟ್ ಇಲ್ಲ ಅಂದ್ಮೇಲೆ ಬಾಟ್ಲಿ ಎಲ್ಲಿಂದ ಬರುತ್ತೆ? ಮುಂದಿನ ತಿಂಗಳಿಂದ ನೀವು ನಾಲ್ಕೂ ಜನ ಮನೇಲೇ ಇರಿ.” ಕುಳ್ಳಿ ಬಾಯಿ ತೆಗೆಯುವ ಮೊದಲೇ ದೊಡ್ಡಮ್ಮನ ಕಡೆ ತಿರುಗಿದ. “ಒಂದು ದಾರಿ ಐತೆ. ಸಾರ್ ಮೇಲೆ ವಿಚಾರಣೆ ಇಟ್ಟವ್ರೆ, ಅದಕ್ಕೆ ನಿನ್ನ ಕರೀತಾರೆ. ಸಾರ್ ಮನೆಯೋರ ಥರ, ತಮಾಷೆ ಮಾಡಿದ್ರು, ನಾನು ಮನಸಾರೆ ನಕ್ಕೆ ಅಂತ ಹೇಳು. ಅಲ್ಲಿಗೆ ಮುಗೀತು. ಸಾರೂ ಒಳಗೆ, ನೀವೂ ಒಳಗೆ.”

ಅವನು ಹೋದ ಮೇಲೆ ಯಾರೂ ಕೆಲಸಕ್ಕೆ ಕೈ ಹಚ್ಚಲಿಲ್ಲ.

“ಹೇಳಿಬಿಡೇ,” ಎಂದಳು ಕುಳ್ಳಿ. ಈಗ ಅವಳ ದನಿಯಲ್ಲಿ ಬೈಗುಳ ಇರಲಿಲ್ಲ. “ಒಂದು ಮಾತಂದ್ರೆ ನಿನ್ನ ಗಂಟೇನು ಹೋಗುತ್ತೆ? ಮಗಳು ಹೆರಿಗೆಗೆ ಬಂದು ಕೂತವ್ಳೆ ನನ್ನ ಮನೇಲಿ. ಆ ಹುಡುಗಿ ಓದಿರೋಳು, ಎಲ್ಲೋ ಬದುಕ್ಕೊಂತಾಳೆ. ನಮ್ಮನ್ನ ಯಾವನು ಕರೀತಾನೆ?”

ಕುಳ್ಳಿ ಹೇಳಿದ್ದರಲ್ಲಿ ಸುಳ್ಳೇನಿತ್ತು?

ವಿಚಾರಣೆಯ ಹಿಂದಿನ ಸಂಜೆ ಸಾರ್ ತಾವಾಗಿಯೇ ತೊಳೆಯುವ ಕೋಣೆಗೆ ಬಂದರು. ಇಷ್ಟು ವರ್ಷದಲ್ಲಿ ಆ ಹೊಸ್ತಿಲು ದಾಟಿದ್ದು ಅದೇ ಮೊದಲು. ಆಸಿಡ್ ವಾಸನೆಗೆ ಮೂಗಿಗೆ ಕರ್ಚೀಫು ಒತ್ತಿಕೊಂಡು ಸುತ್ತ ನೋಡಿದರು.

“ಕಿಟಕಿ ಇಲ್ವಾ ಇಲ್ಲಿ?”

“ಇಲ್ಲ ಸಾರ್.”

“ನನಗೆ ಹೇಳ್ಬಾರದಿತ್ತಾ?” ಅವರ ದನಿ ಮೆತ್ತಗಿತ್ತು. ಮುಖ ಸೊರಗಿ, ಗಡ್ಡ ಬೆಳೆದಿತ್ತು. ನೋಡಿದರೆ ಅಯ್ಯೋ ಅನ್ನಿಸುವಂತಿತ್ತು. “ನೋಡು, ಅವಳ ವಿಷಯ ನನಗೆ ಹೇಳಿದ್ದು ನೀನು. ಅದನ್ನ ನಾನು ಇವತ್ತಿನವರೆಗೂ ಯಾರಿಗೂ ಬಾಯಿ ಬಿಟ್ಟಿಲ್ಲ. ಆ ಹುಡುಗಿಗೆ ಗೊತ್ತಾದ್ರೆ ನಿನ್ನ ಮುಖ ನೋಡ್ತಾಳಾ? ನೀನು ನನ್ನ ಕೈಬಿಡಬೇಡ, ನಾನೂ ನಿನ್ನ ಕೈಬಿಡಲ್ಲ.”

ಅವರು ಹೋದರು. ದೊಡ್ಡಮ್ಮ ಗೋಡೆಗೆ ಒರಗಿ ಕುಸಿದು ಕೂತಳು. ಅಯ್ಯೋ ಎನಿಸಿದ್ದಕ್ಕೂ ನಾಚಿಕೆಯಾಯಿತು. ಅವರ ಪಾಪದಲ್ಲಿ ತನಗೂ ಒಂದು ಪಾಲು ಎತ್ತಿಟ್ಟು, ಅದನ್ನು ಜೋಪಾನವಾಗಿ ಕಾಯುತ್ತಿದ್ದಾರೆ. ಅಳಬೇಕೆನಿಸಿತು, ಆದರೆ ಆ ಕೋಣೆಯಲ್ಲಿ ಅಳುವ ಯೋಗ್ಯತೆ ತನಗಿಲ್ಲ ಎಂದುಕೊಂಡು ಎದ್ದಳು.

ವಿಚಾರಣೆಯ ಕೋಣೆಯಲ್ಲಿ ಉದ್ದನೆಯ ಮೇಜು. ಆಚೆ ಮೂವರು, ನಡುವೆ ಅಧ್ಯಕ್ಷೆ. ಒಂದು ಬದಿಗೆ ಸಾರ್, ಇನ್ನೊಂದು ಬದಿಗೆ ಹುಡುಗಿ. ದೊಡ್ಡಮ್ಮನಿಗೆ ಕುರ್ಚಿ ಹಾಕುವುದು ಯಾರಿಗೂ ಹೊಳೆದಿರಲಿಲ್ಲ. ಅರೆ ತೆರೆದ ಬಾಗಿಲಾಚೆ ಕುಳ್ಳಿ ಮತ್ತೆ ಇಬ್ಬರು ಉಸಿರು ಬಿಗಿಹಿಡಿದು ನಿಂತಿದ್ದರು.

“ವಿಡಿಯೋದಲ್ಲಿ ನೀವು ನಗ್ತಿದ್ದೀರಿ. ಅವರ ಮಾತು ನಿಮಗೆ ಅವಮಾನ ಅನ್ನಿಸಲಿಲ್ಲ, ಅಲ್ವಾ?” ಅಧ್ಯಕ್ಷೆ ಕೇಳಿದರು.

“ನಕ್ಕಿದ್ದು ನಿಜ ಅಮ್ಮಾವ್ರೇ.”

ಸಾರ್ ಉಸಿರು ಬಿಟ್ಟು ಕುರ್ಚಿಗೆ ಒರಗಿದರು.

“ಅದಕ್ಕಿಂತ ಮುಂಚಿನದ್ದೂ ಹೇಳ್ಬೇಕು. ಆ ಮಗು ನಲ್ಲಿ ಬಿಟ್ಕೊಂಡು ಅಳುತ್ತೆ ಅಂತ ಸಾರ್‌ಗೆ ಹೇಳಿದ್ದು ನಾನೇ.”

ಹುಡುಗಿ ಸರಕ್ಕನೆ ತಲೆ ಎತ್ತಿದಳು. ದೊಡ್ಡಮ್ಮ ಆ ಕಡೆ ನೋಡಲಿಲ್ಲ. ನೋಡಿದರೆ ಮಾತು ನಿಂತುಹೋಗುತ್ತದೆ ಎಂಬ ಹೆದರಿಕೆ ಅವಳಿಗೆ.

“ಬೈಬೇಡಿ ಅಂತ ಕೈಮುಗಿದು ಹೇಳ್ದೆ. ಒಂಚೂರು ಕರುಣೆ ಬರಲಿ ಅಂತ ಹೇಳ್ದೆ. ಅದನ್ನೇ ತಗೊಂಡೋಗಿ ಸಾವಿರ ಜನದ ಮುಂದೆ ಇಟ್ರು. ಆಮೇಲೆ ಯಾವನೋ ಹುಡುಗ ಹೇಳಿರಬೋದು ಅಂತ ಅವಳಂದ್ರೆ, ಇರಬೋದು ಅಂದೆ. ಅದೂ ನಾನೇ.”

“ಇದಕ್ಕೂ ವಿಚಾರಣೆಗೂ ಏನು ಸಂಬಂಧ?” ಸಾರ್ ದನಿ ಏರಿತು. “ಇವಳು ನಕ್ಕಳೋ ಇಲ್ವೋ, ಅಷ್ಟು ಸಾಕು.”

“ಅದೇ ಸಾರ್. ಮನಸಾರೆ ನಕ್ಕೆ ಅಂತ ಹೇಳು ಅಂದ ಮೇಸ್ತ್ರಿ. ಮನಸಾರೆಯೋ ಏನೋ ನಾನೂ ನೋಡ್ಬೇಕು. ಸಭೇಲಿ ಆಡಿದ ಆ ಮಾತು ಇನ್ನೊಂದ್ಸಲ ಹೇಳಿ. ಇಲ್ಲೇ, ನನ್ನ ಮುಖ ನೋಡ್ಕೊಂಡು. ನಗು ಬಂದ್ರೆ ನಗ್ತೀನಿ, ಬರ್ಕೊಳ್ಳಿ.”

ಬಾಗಿಲಾಚೆ ಕುಳ್ಳಿ, “ಹಾಳಾದೋಳು, ಎಲ್ಲಾರ್ನೂ ಮುಳುಗಿಸಿದ್ಳು,” ಎಂದದ್ದು, ಆಮೇಲೆ ಅವಳ ಚಪ್ಪಲಿಯ ಸದ್ದು ಮೆಟ್ಟಿಲಿಳಿದದ್ದು ಒಳಗಿದ್ದವರಿಗೆಲ್ಲ ಕೇಳಿಸಿತು.

“ಅಮ್ಮಾ, ಸಮಾಧಾನ. ಕೂತ್ಕೊಳ್ಳಿ,” ಎಂದರು ಅಧ್ಯಕ್ಷೆ. ಕೂರಲು ಏನೂ ಇಲ್ಲ ಎಂಬುದು ಆಗಷ್ಟೇ ಅವರ ಕಣ್ಣಿಗೆ ಬಿತ್ತು.

ಹುಡುಗಿ ಕುರ್ಚಿ ಹಿಂದಕ್ಕೆ ತಳ್ಳಿ ಎದ್ದಳು. ದೊಡ್ಡಮ್ಮನ ಪಕ್ಕದಲ್ಲೇ, ಸೆರಗು ತಾಗುವಷ್ಟು ಹತ್ತಿರದಲ್ಲಿ ಹಾದುಹೋದಳು. ನಿಲ್ಲಲಿಲ್ಲ. ಬಾಗಿಲು ಮುಚ್ಚಿಕೊಂಡಿತು. ದೊಡ್ಡಮ್ಮನಿಗೆ ಓಡಿಹೋಗಿ ಕಾಲು ಹಿಡಿಯಬೇಕೆನಿಸಿತು. ಹಿಡಿದರೆ ಕ್ಷಮಿಸಿದರೂ ಕ್ಷಮಿಸಿಯಾಳು ಎಂದು ಹೆದರಿ ನಿಂತಲ್ಲೇ ನಿಂತಳು.

ಸಾರ್ ಕೈಗಡಿಯಾರ ನೋಡಿಕೊಂಡರು. “ಅದು... ಸುಮ್ನೆ ತಮಾಷೆಗೆ ಅಂದಿದ್ದು.”

“ತಮಾಷೇನೇ ಸಾರ್ ನಾನು ಕೇಳ್ತಿರೋದು. ಹೇಳಿ,” ಎಂದಳು ದೊಡ್ಡಮ್ಮ. “ಎಷ್ಟೊತ್ತಾದ್ರೂ ಕಾಯ್ತೀನಿ. ಇನ್ಮೇಲೆ ನನಗೇನೂ ಕೆಲಸ ಇಲ್ಲ.”