ಸೊನ್ನೆ ಬಿಟ್ಟೋಡುವ ಹೆಬ್ಬೆರಳು

ಕ್ಯಾಲ್ಕುಲೇಟರಿನ ಐದರ ಮೇಲೆ ಕೈಗೆ ತಾಕುವಂಥ ಒಂದು ಸಣ್ಣ ಚುಕ್ಕೆ ಇರುತ್ತದೆ. ನಡುಬೆರಳು ಅದರ ಮೇಲೆ, ತೋರುಬೆರಳು ನಾಲ್ಕರ ಮೇಲೆ, ಉಂಗುರದ ಬೆರಳು ಆರರ ಮೇಲೆ, ಹೆಬ್ಬೆರಳು ಕೆಳಗೆ ಸೊನ್ನೆಯ ಮೇಲೆ. ಕಣ್ಣು ಚೀಟಿಯ ಮೇಲಿರಬೇಕು, ಕೀಗಳ ಕಡೆ ಹೋಗಲೇಬಾರದು. ಇಷ್ಟೇ ವಿದ್ಯೆ. ಹದಿನೆಂಟು ದಿನ ಒದ್ದಾಡಿದರೂ ಇಷ್ಟು ನನ್ನ ಕೈಗೆ ಹತ್ತಲಿಲ್ಲವೆಂದರೆ ನನ್ನ ಮೇಲೆ ನನಗೇ ಎಷ್ಟು ಸಿಟ್ಟು ಬಂದಿರಬೇಡ.

ನನ್ನ ಹೆಸರು ಮುನಿಲಕ್ಷ್ಮಿ. ಓಮಲೂರಿನ ಹತ್ತಿರ ಒಂದು ಸೇಗೋ ಮಿಲ್ಲಿನಲ್ಲಿ ಹನ್ನೊಂದು ವರ್ಷದಿಂದ ಸಬ್ಬಕ್ಕಿ ಒಣಗಿಸುತ್ತಿದ್ದೇನೆ. ಬೆಳ್ಳನೆಯ ಸಿಮೆಂಟು ಕಣ, ಅದರ ತುಂಬ ಬೆಳ್ಳನೆಯ ಸಬ್ಬಕ್ಕಿ. ಬಿಸಿಲು ಮೇಲಿನಿಂದ ಒಂದು ಸಲ ಹೊಡೆದರೆ ನೆಲದಿಂದ ಇನ್ನೊಂದು ಸಲ ಹೊಡೆಯುತ್ತದೆ. ಈ ವರ್ಷ ಸೇಲಂನ ಕಣ್ಣಿನ ಡಾಕ್ಟರು, ಎರಡೂ ಕಣ್ಣಲ್ಲಿ ಮಾಂಸ ಬೆಳೆಯುತ್ತಿದೆ, ಬಿಸಿಲು ಬಿಡದಿದ್ದರೆ ಅದು ಪಾಪೆಯ ಮೇಲೇ ಬರುತ್ತದೆ ಎಂದರು. ಬಿಸಿಲು ಬಿಡು ಎನ್ನುವುದಕ್ಕೆ ಅವರಿಗೇನು, ಬಾಯಿಮಾತು.

ಅಷ್ಟರಲ್ಲಿ ತೂಕದ ಆಫೀಸಿನ ಕಲೈವಾಣಿಗೆ ಹರೂರಿನಲ್ಲಿ ಗಂಡು ಗೊತ್ತಾಯಿತು. ಫ್ಯಾನಿನ ಕೆಳಗಿನ ಅವಳ ಕುರ್ಚಿ ಖಾಲಿಯಾಗುವುದಿತ್ತು. ಸಬ್ಬಕ್ಕಿ ಮಾಡಲು ಬರುವ ಮರಗೆಣಸಿನ ಲೋಡುಗಳ ತೂಕದ ಚೀಟಿಗಳನ್ನು ಕೂಡುವ ಕೆಲಸ. ನಾನೂ ಹತ್ತನೇ ಕ್ಲಾಸು ಪಾಸಾದವಳೇ, ಹೋಗಿ ಕೇಳಿದೆ. ಮ್ಯಾನೇಜರ್ ಗಣೇಶನ್ ನಕ್ಕರು. ಕೀ ನೋಡದೆ ಅರವತ್ತು ಚೀಟಿ ಐದು ನಿಮಿಷದಲ್ಲಿ ಕೂಡಿ ತೋರಿಸು, ಆಮೇಲೆ ನೋಡೋಣ ಎಂದು ಮೂರು ವಾರ ಗಡುವು ಕೊಟ್ಟರು.

ಊಟದ ಹೊತ್ತಿನಲ್ಲಿ ಕಲೈವಾಣಿ ಹೇಳಿಕೊಟ್ಟಳು. ನಮ್ಮವಳೇ, ಮನೆಯಲ್ಲಿ ಕನ್ನಡ, ಆದರೆ ಬಾಯಿ ತೆರೆದರೆ ತಮಿಳೇ ಮೊದಲು ಬರುತ್ತದೆ. ಒಂದರಿಂದ ಒಂಬತ್ತರವರೆಗೆ ನನ್ನ ಬೆರಳು ಬೇಗನೆ ಪಳಗಿದವು. ಆದರೆ ಮೊತ್ತ ಮಾತ್ರ ಯಾವತ್ತೂ ಕಡಿಮೆಯೇ. ನಾಲ್ಕು ಸಾವಿರದ ಐವತ್ತು ಕಿಲೋದ ಲೋಡು ನನ್ನ ಕೈಯಲ್ಲಿ ನಲವತ್ತೈದು ಕಿಲೋ ಆಗಿಬಿಡುತ್ತಿತ್ತು. ಸೊನ್ನೆಗಳು ಎಲ್ಲಿ ಹೋಗುತ್ತಿದ್ದವೋ ತಿಳಿಯದು. ಕ್ಯಾಲ್ಕುಲೇಟರೇ ಕೆಟ್ಟಿದೆ ಎಂದು ಜಗಳವಾಡಿದೆ. ಕಲೈವಾಣಿ ಅದರಲ್ಲೇ ಕೂಡಿ ಸರಿಯಾದ ಮೊತ್ತ ತೋರಿಸಿದಳು. ಆಗ ಇನ್ನಷ್ಟು ಉರಿಯಿತು.

ಕೊನೆಗೆ ಅವಳು ನನ್ನ ಕೈಯನ್ನು ಫೋನಿನಲ್ಲಿ ವಿಡಿಯೋ ಮಾಡಿ ಮುಂದೆ ಹಿಡಿದು, ಅರ್ಧ ತಮಿಳಿನಲ್ಲಿ, ನೋಡು ಎಂದಳು.

"ಅಕ್ಕಾ, ನಿನ್ನ ಎಬ್ಬೆಟ್ಟು ಎಲ್ಲೋಗ್ತೈತೆ ಪಾರು."

ನೋಡಿದೆ. ಎಡಗೈ ಚೀಟಿ ಮಗುಚಿದ ಕೂಡಲೇ ಬಲಗೈ ಹೆಬ್ಬೆರಳು ಸೊನ್ನೆ ಬಿಟ್ಟು ತೋರುಬೆರಳಿನ ಬುಡದ ಗೆರೆ ಮುಟ್ಟುತ್ತಿತ್ತು. ಮುಂದಿನ ಚೀಟಿಗೆ ನಡುವಿನ ಗೆರೆ, ಅದರ ಮುಂದಿನದಕ್ಕೆ ತುದಿಯ ಗೆರೆ, ಆಮೇಲೆ ಪಕ್ಕದ ಬೆರಳು. ನಾನು ಕುರಿ ಎಣಿಸುತ್ತಿದ್ದೆ.

ನಮ್ಮಲ್ಲಿ ಕುರಿಯನ್ನು ಬಾಯಲ್ಲಿ ಎಣಿಸುವುದಿಲ್ಲ, ದೃಷ್ಟಿಯಾಗುತ್ತದೆ. ಹಟ್ಟಿಯಿಂದ ಒಂದೊಂದು ಕುರಿ ದಾಟಿದಾಗಲೂ ಹೆಬ್ಬೆರಳು ಒಂದೊಂದು ಗೆರೆ ಸರಿಯಬೇಕು. ನಾಲ್ಕು ಬೆರಳು ಮುಗಿದರೆ ಹನ್ನೆರಡು, ಮತ್ತೆ ಮೊದಲ ಗೆರೆಯಿಂದ; ಎಷ್ಟು ಹನ್ನೆರಡಾಯಿತು ಎಂಬುದು ಮನಸ್ಸಿನಲ್ಲಿರಬೇಕು. ಆರು ವರ್ಷದವಳಿದ್ದಾಗ ನನ್ನವ್ವ ಅಂಕಮ್ಮ ಕಲಿಸಿದ್ದು. ಒಂದು ಕುರಿ ತಪ್ಪಿದರೆ ಬೆನ್ನಿಗೆ ಬೀಳುತ್ತಿತ್ತು. ಮೂವತ್ತೆರಡು ವರ್ಷ ಕಳೆದರೂ ಈ ದರಿದ್ರ ಬೆರಳಿಗೆ ಆ ಭಯ ಹೋಗಿಲ್ಲ.

ಹೆಬ್ಬೆರಳಿಗೆ ಪ್ಲಾಸ್ಟರ್ ಸುತ್ತಿದೆ. ಕಡ್ಡಿ ಕಟ್ಟಿದೆ. ಕಟ್ಟಿದರೆ ಸೊನ್ನೆ ಒತ್ತಲಾಗದು, ಬಿಚ್ಚಿದರೆ ಎಣಿಕೆಗೆ ಓಡುತ್ತದೆ. ಮನೆಗೆ ಹೋಗಿ ಅವ್ವನ ಮೇಲೆ ಹರಿಹಾಯ್ದೆ. ನೀನು ಕಲಿಸಿದ್ದೇ ನನ್ನ ಕಣ್ಣು ಕಳೀತೈತೆ ಎಂದುಬಿಟ್ಟೆ. ಅವಳು ಸೊಪ್ಪು ಬಿಡಿಸುವುದನ್ನು ನಿಲ್ಲಿಸಲಿಲ್ಲ.

"ಎಬ್ಬೆಟ್ಟಿಗೇನ್ ಗೊತ್ತು, ಅದು ಕುರೀನೋ ಚೀಟೀನೋ ಅಂತ."

ಪರೀಕ್ಷೆಯ ದಿನ ಗಣೇಶನ್ ಒಂದು ಕಟ್ಟು ಚೀಟಿ ಕೊಟ್ಟು ಗಡಿಯಾರ ನೋಡಿದರು. ಸೊನ್ನೆ ಬಂದಾಗಲೆಲ್ಲ ಓಡಿಹೋದ ಬೆರಳನ್ನು ಎಳೆದು ತಂದು ಒತ್ತಿದೆ. ಹನ್ನೊಂದು ನಿಮಿಷ ಹಿಡಿಯಿತು. ನನ್ನ ಮೊತ್ತವೂ ಅವರ ಮೊತ್ತವೂ ಒಂದಾಗಲಿಲ್ಲ. ಅವರು ತಲೆಯಾಡಿಸಿ ಕಟ್ಟನ್ನು ಎತ್ತಿಕೊಂಡಾಗ, ಇದರಲ್ಲಿರುವುದು ಅರವತ್ತಲ್ಲ, ಅರವತ್ತೊಂದು ಚೀಟಿ ಎಂದೆ. ಅವರು ನಂಬದೆ ಎಂಜಲು ಹಚ್ಚಿ ಎರಡು ಸಲ ಎಣಿಸಿದರು. ಅರವತ್ತೊಂದೇ. ಹಿಂದಿನ ದಿನದ ಒಂದು ಚೀಟಿ ಅಂಟಿಕೊಂಡು ಬಂದಿತ್ತು. ಅದನ್ನು ಕಳೆದರೆ ನನ್ನ ಮೊತ್ತ ಸರಿ.

ಗಣೇಶನ್ ಕಟ್ಟನ್ನು ಮೇಜಿನ ಮೇಲಿಟ್ಟರು. ಹೇಗೆ ಗೊತ್ತಾಯಿತು ಎಂದು ಕೇಳಿದರು. ದಡ್ಡಿ ನಾನು, ಹೆಬ್ಬೆರಳಿನ ಕಥೆಯನ್ನೆಲ್ಲ ಹೇಳಿದೆ. ಅವರಿಗೆ ಬಹಳ ಖುಷಿಯಾಯಿತು. ಲಾರಿಗೆ ಮೂಟೆ ತುಂಬುವಾಗ ದಿನವೂ ಲೆಕ್ಕ ತಪ್ಪುತ್ತಿದೆ, ಎಣಿಸಲು ನಿನ್ನಂಥವರೇ ಬೇಕಿತ್ತು, ನಾಳೆಯಿಂದ ಅಲ್ಲಿ ನಿಂತುಕೋ ಎಂದರು. ಕಲೈವಾಣಿಯ ಕುರ್ಚಿಗೆ ಬೇಗ ಲೆಕ್ಕ ಕೂಡುವ ಬೇರೆ ಯಾರನ್ನಾದರೂ ನೋಡುತ್ತಾರಂತೆ. ಲಾರಿ ನಿಲ್ಲುವುದೂ ಬಿಸಿಲಲ್ಲೇ ಸಾರ್ ಎಂದೆ. ತಲೆಗೆ ಟವಲ್ ಹಾಕಿಕೋ ಎಂದರು.

ಮಾರನೆಯ ದಿನ ಲಾರಿ ಕಣದ ಮಗ್ಗುಲಲ್ಲೇ ನಿಂತಿತು. ಹಮಾಲಿಗಳು ಮಧ್ಯಾಹ್ನದವರೆಗೆ ತುಂಬಿದರು. ಗಣೇಶನ್ ನೆರಳಿನಿಂದ ಎದ್ದು ಬಂದು ಎಷ್ಟು ಮೂಟೆ ಎಂದು ಕೇಳಿದರು. ನೂರ ಎಂಬತ್ತಮೂರು. ಬೆರಳಿಗೆ ಗೊತ್ತಿತ್ತು.

"ಎಣಿಸ್ಲಿಲ್ಲ ಸಾರ್. ಬಿಸಿಲಿಗೆ ಕಣ್ಣು ಬುಡಕಾಗ್ಲಿಲ್ಲ."

ಅವರು ಬೈದರು. ಬೇರೆ ದಾರಿಯಿಲ್ಲದೆ ಲಾರಿಯನ್ನೆಲ್ಲ ಇಳಿಸಿ ಮೊದಲಿನಿಂದ ತುಂಬಿಸಿದರು. ಹಮಾಲಿಗಳೂ ನನ್ನನ್ನು ಬಾಯಿಗೆ ಬಂದಂತೆ ಬೈದರು, ಅವರು ಬೈದದ್ದು ನ್ಯಾಯವೇ. ಈ ಸಲ ಗಣೇಶನ್ ತಾವೇ ನಿಂತು ಎಣಿಸಿದರು. ನಲವತ್ತನೆಯ ಮೂಟೆಗೆ ಅವರ ಕಣ್ಣಿನಿಂದ ನೀರು ಸುರಿಯತೊಡಗಿತು. ನನ್ನ ಟವಲನ್ನು ನಾನು ಕೊಡಲಿಲ್ಲ.