ಬೇಲಿಯೊಳಗೆ ಸೇರಿದ ಬಂಡಿದಾರಿ

ನಮ್ಮ ಕಡೆ ಒಂದು ಚಾಳಿ ಇದೆ. ಬಂಡಿದಾರಿಯ ಪಕ್ಕದಲ್ಲಿ ತೋಟವಿದ್ದರೆ ದಾರಿಯ ಅಂಚಿಗೇ ನಾಲ್ಕು ತೆಂಗಿನ ಸಸಿ ನೆಟ್ಟುಬಿಡುತ್ತೇವೆ. ಫಲ ಬಿಡುವ ತೆಂಗಿಗೆ ಕೊಡಲಿ ಹಾಕಲು ಯಾರಿಗೂ ಮನಸ್ಸು ಬರುವುದಿಲ್ಲ. ಆಮೇಲೆ ಬೇಲಿ ಸುತ್ತಿದರೆ ಇಡೀ ದಾರಿ ನಮ್ಮದೇ. ಗುಬ್ಬಿ ದಾಟಿ ಕುಣಿಗಲ್ ಕಡೆಗಿರುವ ನಮ್ಮೂರಿನಲ್ಲಿ ಬೆಟ್ಟಸ್ವಾಮಿ ಮಾಡಿದ್ದೂ ಅದನ್ನೇ. ಊರವರೆಲ್ಲ ಡಾಂಬರು ರಸ್ತೆ ಹಿಡಿದರು. ಅಲ್ಲಿ ಲಾರಿಗಳು ಹೋಗುವ ರಭಸ ನಿಮಗೂ ಗೊತ್ತು.

ಪ್ರಮೀಳಾ ಇದೇ ಊರಿನ ಹುಡುಗಿ. ತುಮಕೂರಿನಿಂದ ಗುಬ್ಬಿ, ಕುಣಿಗಲ್ ಮೇಲೆ ಯಡಿಯೂರಿನವರೆಗೆ ನಡೆಯುವವರಿಗೂ ಸೈಕಲ್ಲಿನವರಿಗೂ ಒಂದು ದಾರಿ ಆಗಲಿ ಎಂದು ಓಡಾಡುತ್ತಿರುವ ಸೇವಾ ಸಂಸ್ಥೆಯಲ್ಲಿ ಕೆಲಸ ಮಾಡುತ್ತಾಳೆ. ಬೇಸಿಗೆಯಲ್ಲಿ ಅವಳು ಬೆಟ್ಟಸ್ವಾಮಿಯ ಮನೆಗೆ ಬಂದಳು.

"ದೊಡ್ಡಪ್ಪ, ಹಳೇ ಬಂಡಿದಾರಿ ಬಿಟ್ಕೊಡಿ. ಊರ ನಕಾಶೆಲಿ ಅದು ದಾರಿ ಅಂತ್ಲೇ ಐತೆ."

"ಪ್ಯಾಟೆಯೋರು ಸೈಕಲ್ ತುಳ್ದು ಮೈ ಕರಗಿಸ್ಕೊಳ್ಳೋಕೆ ನಾನು ತೆಂಗು ಕಡೀಬೇಕಾ?"

"ಮರ ಇರ್ಲಿ, ಅದರ ಪಕ್ಕದಲ್ಲೇ ದಾರಿ ಹೋಗುತ್ತೆ. ಬೇಲಿ ಮಾತ್ರ ಹಿಂದಕ್ಕೆ ಹಾಕ್ಕೊಳಿ. ಮಣ್ಣು ಹೊಡ್ಸಿ ಮಟ್ಟ ಮಾಡೋದು ನಮ್ ಸಂಸ್ಥೆ. ನಡ್ಯೋರು ನಮ್ಮೂರೋರೇ ಜಾಸ್ತಿ, ದೊಡ್ಡಪ್ಪ."

"ನೋಡಣ ಬುಡು," ಎಂದು ಅವನು ಎದ್ದು ಹೋದ.

ಮಳೆಗಾಲ ಬಂತು. ಒಂದು ಬೆಳಿಗ್ಗೆ ಡೈರಿಗೆ ಹಾಲು ಹಾಕಲು ಹೊರಟಿದ್ದ ನಮ್ಮೂರ ಗಂಗಹನುಮಯ್ಯನಿಗೆ ಡಾಂಬರು ರಸ್ತೆಯಲ್ಲಿ ಲಾರಿ ಬಡಿಯಿತು. ಆಸ್ಪತ್ರೆ ಸೇರುವಷ್ಟರಲ್ಲಿ ಪ್ರಾಣ ಹೋಗಿತ್ತು. ಬಂಡಿದಾರಿಯಲ್ಲಿ ಹೋಗಿದ್ದರೆ ಡೈರಿ ಕೂಗಳತೆ ದೂರ.

ಅವನನ್ನು ಅವನ ಹೊಲದಲ್ಲೇ ಮಣ್ಣು ಮಾಡಿದರು. ಆ ಹೊಲ ಇರುವುದು ಬೆಟ್ಟಸ್ವಾಮಿಯ ತೋಟದ ಆಚೆ. ಮೂರನೇ ದಿನ ಹಾಲುತುಪ್ಪ ಬಿಡಲು ನೆಂಟರೆಲ್ಲ ಅದೇ ಡಾಂಬರು ರಸ್ತೆ ಬಳಸಿ ಹೊರಟರು. ಬೆಟ್ಟಸ್ವಾಮಿಯೂ ಜೊತೆಗಿದ್ದ. ಹಿಂದಿನಿಂದ ಲಾರಿಯೊಂದು ಹಾರನ್ ಹೊಡೆಯಿತು. ಗಂಗಹನುಮಯ್ಯನ ಹೆಂಡತಿ ಚಿಕ್ಕಮಾರಮ್ಮ ಚೀರಿಕೊಂಡು ಮಗಳು ಸುಶ್ಮಿತಾಳನ್ನು ಪಕ್ಕಕ್ಕೆ ಎಳೆದಳು. ಗಂಡನ ಸಮಾಧಿಗೆ ಬಿಡಲು ಕೈಯಲ್ಲಿ ಹಿಡಿದಿದ್ದ ಹಾಲು ರಸ್ತೆಯ ಪಾಲಾಯಿತು.

"ನಾಳೆಯಿಂದ ಇವ್ಳು ಸ್ಕೂಲಿಗೆ ಹೋಗೋದ್ ಬ್ಯಾಡ," ಎಂದು ಅವಳು ಅಲ್ಲೇ ಕುಸಿದು ಕೂತಳು. "ಈ ರೋಡಲ್ಲಿ ಸೈಕಲ್ ತುಳ್ಕೊಂಡ್ ಹೋಗೋ ಓದು ನಂಗ್ ಬ್ಯಾಡ. ಮಗಳೊಬ್ಳು ಉಳುದ್ರೆ ಸಾಕು."

"ಅಮ್ಮ, ನಾನು ಹತ್ತನೇ ಕ್ಲಾಸು ಕಣಮ್ಮ," ಎಂದು ಸುಶ್ಮಿತಾ ಅತ್ತಳು.

ಬೆಟ್ಟಸ್ವಾಮಿಗೆ ತಲೆ ಎತ್ತಲು ಆಗಲಿಲ್ಲ. ಸಂಜೆ ತಾನೇ ಪ್ರಮೀಳಾಗೆ ಫೋನು ಮಾಡಿದ. "ಬೇಲಿ ಕೀಳ್ತೀನಿ ಕಣಮ್ಮ. ಸ್ಕೂಲಿಗೂ ಅದೇ ದಾರಿ ಅಲ್ವಾ, ಆ ಮಗಿನ ಓದು ನಿಲ್ಬಾರ್ದು," ಎಂದ.

ಬೇಲಿ ಹಿಂದಕ್ಕೆ ಹೋಯಿತು. ಒಂದು ಮರವನ್ನೂ ಕಡಿಯಲಿಲ್ಲ. ಸಂಸ್ಥೆಯವರೂ ಊರವರೂ ಸೇರಿ ಸ್ಕೂಲಿನವರೆಗೆ ದಾರಿ ಮಟ್ಟ ಮಾಡಿದರು. ಸುಶ್ಮಿತಾ ಸೈಕಲ್ ಹತ್ತಿ ಹೊರಟ ದಿನ ಚಿಕ್ಕಮಾರಮ್ಮ ತೋಟದ ಹತ್ತಿರ ನಿಂತಿದ್ದಳು.

"ಒಳ್ಳೇದಾಯ್ತು ಕಣಣ್ಣ," ಎಂದು ಬೆಟ್ಟಸ್ವಾಮಿಗೆ ಹೇಳಿದಳು. ಮಾತಿನಲ್ಲಿ ಸಿಟ್ಟಿರಲಿಲ್ಲ. "ಬ್ಯಾಸ್ಗೇಲೇ ಬಿಟ್ಟಿದ್ರೆ ಇವ್ಳಪ್ಪನೂ ಇದ್ರಲ್ಲೇ ಹೋಗ್ತಿದ್ರು."

ಬೆಟ್ಟಸ್ವಾಮಿ ಟವಲಿನಲ್ಲಿ ಮುಖ ಮುಚ್ಚಿಕೊಂಡು ಅತ್ತುಬಿಟ್ಟ.

ಅಣ್ಣಂದಿರೇ, ಅಕ್ಕಂದಿರೇ, ನಿಮ್ಮ ಬೇಲಿಯೊಳಗೂ ಊರಿನ ದಾರಿ ಸೇರಿಕೊಂಡಿದೆಯೇ? ಗ್ರಾಮಸಭೆಯಲ್ಲಿ ನಕಾಶೆ ತರಿಸಿ ನೋಡಿ. ಇದ್ದರೆ ಬಿಟ್ಟುಕೊಡಿ. ದಾರಿ ಮಾಡಲು ಬಂದವರ ಜೊತೆ ನೀವೂ ಗುದ್ದಲಿ ಹಿಡಿಯಿರಿ. ಆದರೆ ಈಗಲೇ ಮಾಡಿ. ಬೆಟ್ಟಸ್ವಾಮಿಯೂ ದಾರಿ ಬಿಟ್ಟ, ಗಂಗಹನುಮಯ್ಯ ಮಣ್ಣಾದ ಮೇಲೆ.